ಹ್ಯಾಕನ್‌ಸ್ಯಾಕ್‌ನ ಹಜಾರ

ಹಳೆಯ ಜಾಝ್ ತಟ್ಟೆಗಳನ್ನು ನಾನು ಕೇಳುವುದು ಸಂಜೆ, ಮನೆಯ ಹಜಾರದಲ್ಲಿ. ಅವುಗಳಿಗೆ ಅದೇ ತಕ್ಕ ಜಾಗ. ಎಷ್ಟೋ ತಟ್ಟೆಗಳು ಹುಟ್ಟಿದ್ದೇ ಒಂದು ಮನೆಯ ಹಜಾರದಲ್ಲಿ.

ನ್ಯೂಯಾರ್ಕ್‌ನಿಂದ ಹಡ್ಸನ್ ನದಿ ದಾಟಿ ಸ್ವಲ್ಪ ದೂರ ಹೋದರೆ ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್. ರೂಡಿ ವ್ಯಾನ್ ಗೆಲ್ಡರ್ ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುತ್ತಿದ್ದವನು. ಉಳಿದ ಹೊತ್ತೆಲ್ಲ ಧ್ವನಿಮುದ್ರಣ. ಅಪ್ಪ ಅಮ್ಮ ಆ ಊರಿನಲ್ಲಿ ಹೊಸ ಮನೆ ಕಟ್ಟಿಸುವಾಗಲೇ ಹಜಾರದ ಪಕ್ಕ ಯಂತ್ರಗಳಿಗೊಂದು ಕೋಣೆ, ನಡುವೆ ಗಾಜಿನ ಕಿಟಕಿ ಇಡಿಸಿಕೊಂಡಿದ್ದ. 1950ರ ದಶಕದಲ್ಲಿ ಬ್ಲೂ ನೋಟ್, ಪ್ರೆಸ್ಟೀಜ್ ಕಂಪನಿಗಳು ತಮ್ಮ ಕಲಾವಿದರನ್ನು ಅಲ್ಲಿಗೇ ಕರೆತಂದವು. 1956ರ ಮೇ 11 ಮತ್ತು ಅಕ್ಟೋಬರ್ 26, ಈ ಎರಡೇ ದಿನದ ನುಡಿಸಾಣಿಕೆಯಿಂದ ಮೈಲ್ಸ್ ಡೇವಿಸ್‌ನ ನಾಲ್ಕು ಎಲ್‌ಪಿಗಳು ಬಂದವು. ಥೆಲೋನಿಯಸ್ ಮಂಕ್ ತನ್ನೊಂದು ರಚನೆಗೆ ಆ ಊರಿನ ಹೆಸರನ್ನೇ ಇಟ್ಟ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 1957ರ ಸೆಪ್ಟೆಂಬರ್ 15ರಂದು ಅಲ್ಲಿ ಮುದ್ರಿಸಿದ ಜಾನ್ ಕೋಲ್ಟ್ರೇನ್‌ನ ‘ಬ್ಲೂ ಟ್ರೇನ್’. ಮೊದಲ ಬದಿಯಲ್ಲಿ ಎರಡೇ ರಚನೆ. ಮೊದಲನೆಯದೇ ಹತ್ತು ನಿಮಿಷ ಮೀರುತ್ತದೆ. ಸ್ಯಾಕ್ಸೋಫೋನ್, ಟ್ರಂಪೆಟ್, ಟ್ರೊಂಬೋನ್ ಮೂರೂ ಕೂಡಿ ಪಲ್ಲವಿಯ ಹಾಗೆ ಒಂದು ಸಾಲು ಎತ್ತಿಕೊಳ್ಳುತ್ತವೆ. ಆಮೇಲೆ ಒಬ್ಬೊಬ್ಬರೂ ಅದನ್ನು ತಮ್ಮ ಮನೋಧರ್ಮದಂತೆ ಬೆಳೆಸುತ್ತಾರೆ. ಟ್ರಂಪೆಟ್ ಊದಿದ ಲೀ ಮಾರ್ಗನ್‌ಗೆ ಆಗ 19 ವರ್ಷ! ಎಲ್ಲೂ ಅಳುಕಿಲ್ಲ.

78 ಸುತ್ತಿನ ಹಳೆಯ ತಟ್ಟೆಯಲ್ಲಿ ಇದು ಸಾಧ್ಯವೇ ಇರಲಿಲ್ಲ. ಹತ್ತಿಂಚಿನ ತಟ್ಟೆಯ ಒಂದು ಬದಿ ಸುಮಾರು ಮೂರು ನಿಮಿಷಕ್ಕೆ ಮುಗಿಯುತ್ತಿತ್ತು. ನಮ್ಮ ವಿದ್ವಾಂಸರೂ ಅದೇ ಅಳತೆಗೆ ರಾಗವನ್ನು ಹಿಡಿದಿಡಬೇಕಾಗಿತ್ತು. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ತಂದ ಮೇಲೆ ಬದಿಗೆ ಇಪ್ಪತ್ತು ನಿಮಿಷ ಸಿಕ್ಕಿತು. ಬ್ಲೂ ನೋಟ್‌ನ ಆಲ್‌ಫ್ರೆಡ್ ಲಯನ್ ಆ ಇಪ್ಪತ್ತು ನಿಮಿಷದ ಬೆಲೆ ಬಲ್ಲವನು. ಮುದ್ರಣಕ್ಕೆ ಮೊದಲಿನ ತಾಲೀಮಿಗೂ ಕಲಾವಿದರಿಗೆ ಹಣ ಕೊಡುತ್ತಿದ್ದ. ‘ಬ್ಲೂ ಟ್ರೇನ್’ನ ಅಚ್ಚುಕಟ್ಟಿಗೆ ಕಾರಣ ಅದೂ ಹೌದು ಎಂದೇ ನಾನು ತಿಳಿದಿದ್ದೇನೆ.

1959ರಲ್ಲಿ ವ್ಯಾನ್ ಗೆಲ್ಡರ್ ಕನ್ನಡಕದ ವೃತ್ತಿ ಬಿಟ್ಟು, ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಎತ್ತರದ ಮರದ ಚಾವಣಿಯ ಸ್ಟುಡಿಯೋ ಕಟ್ಟಿಸಿದ. 1964ರಲ್ಲಿ ಕೋಲ್ಟ್ರೇನ್‌ನ ‘ಎ ಲವ್ ಸುಪ್ರೀಮ್’ ಮುದ್ರಣವಾದದ್ದು ಅಲ್ಲೇ. ದೊಡ್ಡ ಕೃತಿ, ಅನುಮಾನವಿಲ್ಲ. ಆದರೂ ಕಲಾವಿದರು ಎದುರಿಗೇ ಕುಳಿತು ನುಡಿಸುವಂತೆ ಕೇಳಿಸುವುದು ಹಜಾರದ ತಟ್ಟೆಗಳಲ್ಲೇ.

ಜಾಝ್ ಈಗಷ್ಟೇ ಕೇಳತೊಡಗಿರುವವರಲ್ಲಿ ನನ್ನದೊಂದು ಕೋರಿಕೆ: ‘ಬ್ಲೂ ಟ್ರೇನ್’ನ ಮೊದಲ ಬದಿಯನ್ನು ನಡುವೆ ಏಳದೆ ಪೂರ್ತಿ ಕೇಳಿ. ಪಾಲ್ ಚೇಂಬರ್ಸ್‌ನ ಬಾಸ್ ಕಡೆಗೂ ಒಂದು ಕಿವಿ ಇರಲಿ.