ಹುಬ್ಬಳ್ಳಿಯ ಹುಡುಗರು, ಹರ್ಡೀಕರರ ದಳ

ಕಾಲೇಜಿನಲ್ಲಿ ಓಡಿ, ಆಡಿ ಪದಕ ಗೆದ್ದ ತರುಣರು ನಮ್ಮ ಸಮಾಜದಲ್ಲಿ ಎಷ್ಟೋ ಮಂದಿ ಇದ್ದಾರೆ. ಪದವಿ ಮುಗಿದ ಮೇಲೆ ಆ ಶಿಸ್ತು ಎಲ್ಲಿ ಹೋಗುತ್ತದೆ?

1889ರಲ್ಲಿ ಧಾರವಾಡದಲ್ಲಿ ಜನಿಸಿದ ಡಾ. ನಾ. ಸು. ಹರ್ಡೀಕರರನ್ನು ನೆನೆಯಿರಿ. ಅಮೆರಿಕದಲ್ಲಿ ಓದಿ ಬಂದ ಅವರು ಹುಬ್ಬಳ್ಳಿಯ ಯುವಕರಿಗೆ ಕವಾಯತು, ಶಿಸ್ತು, ಸೇವೆ ಕಲಿಸಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಅವರ ತಂಡ ಸೆರೆಮನೆ ಸೇರಿತು. ಕ್ಷಮೆ ಕೇಳಿ ಹೊರಬರಲು ಒಪ್ಪಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ, ಮೌಲಾನಾ ಮುಹಮ್ಮದ್ ಅಲಿಯವರು ಅಧ್ಯಕ್ಷರಾಗಿದ್ದ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಹುಬ್ಬಳ್ಳಿಯ ಹುಡುಗರ ಗಟ್ಟಿತನ ದೇಶಕ್ಕೇ ಮಾದರಿಯಾಯಿತು.

ಪದಕ ಕಪಾಟಿನಲ್ಲಿರಲಿ. ಸಂಜೆಯ ಒಂದು ಗಂಟೆ ಮೊಹಲ್ಲಾದ ಮಕ್ಕಳಿಗಿರಲಿ. ಇಲ್ಮಿನ ಜೊತೆ ಶಿಸ್ತೂ ಸೇರಿದರೆ ಮಾತ್ರ ಕೌಮು ಎದ್ದು ನಿಲ್ಲುತ್ತದೆ.