ಹಳಿಗುಂಟ ಬಂದವರು, ಹಳಿಗುಂಟ ಹೋದವರು

ಹುಬ್ಬಳ್ಳಿಯಿಂದ ಹರಿಹರದ ಕಡೆ ಹೊರಟ ರೈಲು ಕುಂದಗೋಳ, ಸಂಶಿ ದಾಟಿದ ಮೇಲೆ ಗುಡಗೇರಿ ಸಿಗುತ್ತದೆ. ಸುತ್ತಲೂ ಎರೆಭೂಮಿ. ಹತ್ತಿ, ಜೋಳ, ಶೇಂಗಾ, ಮೆಣಸಿನಕಾಯಿ ಬೆಳೆಯುವ ಸೀಮೆ. ದೂರದೂರಿಗೆ ಹೊರಟ ಪ್ರಯಾಣಿಕನಿಗೆ ಇದು ಕಿಟಕಿಯಾಚೆ ಕಂಡು ಮರೆಯಾಗುವ ಒಂದು ಹೆಸರು, ಅಷ್ಟೆ. ಆದರೆ ಕೆಲಸದ ಸಲುವಾಗಿ ಊರು ಬಿಟ್ಟವರು ಹೊಸ ಸೀಮೆಯಲ್ಲಿ ಹೇಗೆ ನೆಲೆ ಕಂಡರು ಎಂಬುದನ್ನು ತಿಳಿಯಬಯಸುವವರಿಗೆ ಈ ಹಾದಿ ಒಂದು ದೊಡ್ಡ ದಫ್ತರವೇ ಸರಿ.

ಗುಡಗೇರಿ ರೈಲಿನಿಂದ ಹುಟ್ಟಿದ ಊರಲ್ಲ. ಶಕವರ್ಷ 998ರ, ಅಂದರೆ ಕ್ರಿ.ಶ. 1076ರ ಸುಮಾರಿನ ಜೈನ ಶಾಸನವೊಂದು ಇಲ್ಲಿ ದೊರೆತಿದೆ. ಅದರಲ್ಲಿ ಊರಿನ ಹೆಸರು ಗುಡಿಗೆರೆ. ಪುರಿಗೆರೆಯಲ್ಲಿ, ಅಂದರೆ ಇಂದಿನ ಲಕ್ಷ್ಮೇಶ್ವರದಲ್ಲಿ, ಚಾಲುಕ್ಯ ರಾಜಕುಮಾರಿ ಕುಂಕುಮಮಹಾದೇವಿ ಕಟ್ಟಿಸಿದ ಆನೆಸೆಜ್ಜೆಯ ಬಸದಿಯ ಪ್ರಸ್ತಾಪ ಅದರಲ್ಲಿದೆ. ಪರಊರಿನ ಸಂಸ್ಥೆ, ಈ ಊರಿನ ಹೊಲ, ನಡುವೆ ವ್ಯವಹಾರ ನೋಡಿಕೊಳ್ಳುವ ವಿದ್ವಾಂಸರು. ಹೊರಗಿನವರ ಓಡಾಟ ಈ ನೆಲಕ್ಕೆ ಅಂದಿನಿಂದಲೂ ಹೊಸದಲ್ಲ.

ಕಾರಕೂನರ ಕಾಲ

ದೊಡ್ಡ ಪ್ರಮಾಣದಲ್ಲಿ ನೌಕರಿಗಾಗಿ ಜನ ಬಂದದ್ದು ಪೇಶ್ವೆಯರ ಕಾಲದಲ್ಲಿ. ಕೊಂಕಣ ಮೂಲದ ಪಟವರ್ಧನ ಮನೆತನಕ್ಕೆ ಪೇಶ್ವೆಯರು ಸೈನ್ಯ ಸಾಕಲು ಸರಂಜಾಮು ಭೂಮಿ ಕೊಟ್ಟರು. ಮುಂದೆ ಆ ಮನೆತನ ಕವಲೊಡೆದು ಸಾಂಗಲಿ, ಮಿರಜ, ಜಮಖಂಡಿ ಮುಂತಾದ ಸಂಸ್ಥಾನಗಳಾದವು. ಕುಂದಗೋಳ ಜಮಖಂಡಿಯವರ ಪಾಲಾಯಿತು. ಗುಡಗೇರಿ, ಲಕ್ಷ್ಮೇಶ್ವರಗಳು ಮಿರಜಿನವರ ಪಾಲಾದವು. ಸವಣೂರಿನಲ್ಲಿ ನವಾಬರಿದ್ದರು. ಸುತ್ತಲಿನ ಉಳಿದ ಸೀಮೆ 1818ರ ನಂತರ ಕಂಪನಿ ಸರ್ಕಾರಕ್ಕೆ ಸೇರಿತು. ಒಂದು ದಿನದ ಚಕ್ಕಡಿ ಪ್ರಯಾಣದಲ್ಲಿ ಎರಡು ಮೂರು ಸರ್ಕಾರಗಳನ್ನು ದಾಟುವ ಪರಿಸ್ಥಿತಿ ಅಂದಿನದು.

ಈ ಸಂಸ್ಥಾನಗಳ ಲೆಕ್ಕಪತ್ರ ಬರೆಯಲು ಮರಾಠಿ ಬಲ್ಲ ಕಾರಕೂನರು ಬೇಕಿದ್ದರು. ದಫ್ತರ ಮೋಡಿ ಲಿಪಿಯಲ್ಲಿ, ರೈತನ ಮಾತು ಕನ್ನಡದಲ್ಲಿ. ಹಗಲು ಕಚೇರಿಯಲ್ಲಿ ಮರಾಠಿ ಬರೆದವರು ಸಂಜೆ ಸಂತೆಯಲ್ಲಿ ಕನ್ನಡವಾಡಲೇಬೇಕು. ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಅನೇಕ ಮನೆಗಳಲ್ಲಿ ಅಡುಗೆಮನೆಯ ಮಾತೂ ಕನ್ನಡವಾಯಿತು. ಬಂದವರು ಕನ್ನಡ ಕಲಿತರು. ಊರವರು ಅವರ ಮಾತುಗಳನ್ನು ತಮ್ಮದಾಗಿಸಿಕೊಂಡರು. ಕಚೇರಿ ಮಾತಿನ ದೊಡ್ಡ ಭಾಗ ಧಾರವಾಡ ಸೀಮೆಗೆ ಬಂದದ್ದು ಹೀಗೆಯೇ.

ಆದರೆ ಇದನ್ನು ಬರೀ ಸೌಹಾರ್ದದ ಕಥೆಯೆಂದು ತಿಳಿಯಬಾರದು. ಅಧಿಕಾರದ ಭಾಷೆ ಹೊರಗಿನದಾದಾಗ ಊರ ಮಕ್ಕಳ ಶಾಲೆಗೂ ಆ ಭಾಷೆಯೇ ಬಂತು. 19ನೇ ಶತಮಾನದ ಮಧ್ಯದಲ್ಲಿ ಧಾರವಾಡ ಜಿಲ್ಲೆಯ ಶಾಲೆಗಳಲ್ಲಿ ಕನ್ನಡಕ್ಕೆ ಸ್ಥಾನ ದೊರಕಿಸಲು ಡೆಪ್ಯುಟಿ ಚನ್ನಬಸಪ್ಪನವರಂಥವರು ಹೆಣಗಬೇಕಾಯಿತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದರ ಹಿನ್ನೆಲೆಯೂ ಇದೇ. ಬಂದವನು ಬದಲಾಗಬೇಕೋ ಊರು ಬದಲಾಗಬೇಕೋ ಎಂಬ ಪ್ರಶ್ನೆಗೆ ಉತ್ತರ ಯಾರ ಕೈಯಲ್ಲಿ ದಫ್ತರವಿದೆ ಎಂಬುದನ್ನು ಅವಲಂಬಿಸಿತ್ತು.

ಹೊಗೆಬಂಡಿಯ ಹಿಂದೆ

1876ರಿಂದ 1878ರವರೆಗಿನ ಭೀಕರ ಬರ ಈ ಸೀಮೆಯನ್ನು ನುಂಗಿತು. ಧಾನ್ಯ ಬೇಗ ಸಾಗಿಸಲು ಹಾದಿಯಿದ್ದರೆ ಜನ ಉಳಿಯುತ್ತಿದ್ದರೆಂಬ ವಾದ ಬಲವಾಯಿತು. ಹತ್ತಿಯನ್ನು ಬಂದರಿಗೆ ಮುಟ್ಟಿಸುವ ವರ್ತಕರ ಆಸೆಯೂ ಅದಕ್ಕೆ ಜೊತೆಗೂಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಧಾರವಾಡದಲ್ಲಿ ಅದರ ಮುಖ್ಯ ಕಚೇರಿ. ಹುಬ್ಬಳ್ಳಿಯಲ್ಲಿ 1885ರಲ್ಲಿ ಕಾರ್ಖಾನೆ. ಆ ದಶಕ ಮುಗಿಯುವುದರೊಳಗೆ ಹುಬ್ಬಳ್ಳಿಯಿಂದ ಒಂದು ಹಾದಿ ಹರಿಹರಕ್ಕೆ, ಇನ್ನೊಂದು ಕ್ಯಾಸಲ್‌ರಾಕ್ ಮೂಲಕ ಗೋವೆಯ ಮರ್ಮಗೋವಾ ಬಂದರಿಗೆ ಕೂಡಿಕೊಂಡಿತು.

ಕಮ್ಮಾರಿಕೆ, ಬಾಯ್ಲರು, ಎಂಜಿನ್ ಕೆಲಸ ಬಲ್ಲವರು ಆಗ ಇಲ್ಲಿ ವಿರಳ. ತಮಿಳರು, ತೆಲುಗರು, ಆಂಗ್ಲೋ ಇಂಡಿಯನ್ನರು ಹುಬ್ಬಳ್ಳಿಗೆ ಬಂದರು. 1908ರಲ್ಲಿ ಈ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಕೂಡಿ, ಮುಖ್ಯ ಕಚೇರಿ ಮದ್ರಾಸಿಗೆ ಹೋದ ಮೇಲೆ ಆ ನಂಟು ಇನ್ನೂ ಗಟ್ಟಿಯಾಯಿತು. ಧಾರವಾಡದಲ್ಲಿ ತೆರವಾದ ಆ ಭವ್ಯ ಕಟ್ಟಡ ಮುಂದೆ ಕರ್ನಾಟಕ ಕಾಲೇಜಿನ ಪಾಲಾದದ್ದು ಒಂದು ಸೋಜಿಗ. ನೌಕರಿ ಊರು ಬಿಟ್ಟಿತು, ವಿದ್ಯೆ ಬಂದು ಅಲ್ಲಿ ನೆಲೆಸಿತು.

ಹುಬ್ಬಳ್ಳಿಗೆ ಬಂದವನಿಗೆ ಒಂದು ಅನುಕೂಲವಿತ್ತು. ಕಂಪನಿ ಮನೆ ಕೊಡುತ್ತಿತ್ತು. ಅಕ್ಕಪಕ್ಕದಲ್ಲಿ ತನ್ನ ಭಾಷೆಯವರೇ ಇರುತ್ತಿದ್ದರು. ಆದ್ದರಿಂದ ಕನ್ನಡ ಕಲಿಯದೆಯೂ ಒಂದಿಷ್ಟು ದಿನ ತಳ್ಳಬಹುದಿತ್ತು. ಗುಡಗೇರಿಯಂಥ ಸಣ್ಣ ಸ್ಟೇಷನ್ನಿಗೆ ಬದಲಿಯಾಗಿ ಬಂದ ಮಾಸ್ತರನಿಗೆ ಆ ಸೌಕರ್ಯವೆಲ್ಲಿಂದ ಬರಬೇಕು? ಕ್ವಾರ್ಟರ್ಸು ಇದ್ದರೂ ಹಾಲು, ಕಾಳುಕಡಿಗೆ ಊರನ್ನೇ ನಂಬಬೇಕು. ಅನ್ನ ಉಂಡು ಬೆಳೆದವರಿಗೆ ಇದು ಜೋಳದ ರೊಟ್ಟಿಯ ಸೀಮೆ. ಅಂಗಡಿಯಲ್ಲಿ ಉದ್ರಿ ಹುಟ್ಟಬೇಕಾದರೆ ಗುರುತು ಬೇಕು, ಗುರುತಾಗಬೇಕಾದರೆ ಮಾತು ಬೇಕು. ಹೀಗಾಗಿ ದೊಡ್ಡ ಊರಿಗಿಂತ ಸಣ್ಣ ಊರೇ ಹೊಸಬನನ್ನು ಬೇಗ ತನ್ನವನನ್ನಾಗಿ ಮಾಡಿಕೊಳ್ಳುತ್ತಿತ್ತು.

ಹಳಿ ಕಾಯುವ ಗ್ಯಾಂಗ್‌ಮನ್ನರ ಪಾತ್ರವೂ ಇಲ್ಲಿ ದೊಡ್ಡದು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಹಳಿಯನ್ನು ಸಮ ಇಡುವುದು ನಿತ್ಯದ ಕೆಲಸ. ಆ ಮಣ್ಣಿನ ಸ್ವಭಾವವನ್ನು ಹೊಲದಲ್ಲಿ ದುಡಿದವನು ಕಂಡೇ ಇರುತ್ತಾನೆ. ಪರಊರಿನ ಮೇಸ್ತ್ರಿ ಅದನ್ನು ಅಂಥವರಿಂದ ಕಲಿಯಬೇಕಿತ್ತು.

ಹಳಿ ಬರೀ ನೌಕರರನ್ನು ಸಾಗಿಸಲಿಲ್ಲ. ಉತ್ತರದ ಕಿರಾಣಾದಿಂದ ಬಂದು ಮಿರಜಿನಲ್ಲಿ ನೆಲೆಸಿದ ಅಬ್ದುಲ್ ಕರೀಂ ಖಾನರ ಗಾಯನ ಕುಂದಗೋಳದ ಸವಾಯಿ ಗಂಧರ್ವರಿಗೆ ದಕ್ಕಿತು. ಆ ಗುರುವಿನ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗಿಬರುತ್ತಿದ್ದದ್ದು ಇದೇ ಹಾದಿಯ ರೈಲಿನಲ್ಲಿ. ಪರಸ್ಥಳದಿಂದ ಬಂದ ವಿದ್ಯೆ ಇಂದು ಧಾರವಾಡ ಸೀಮೆಯ ಸ್ವಂತ ಆಸ್ತಿ.

ಕನ್ನಡಿಗರೇ ಕನ್ನಡಿಗರಿಗೆ ಹೊಸಬರು

1948ರಲ್ಲಿ ಪಟವರ್ಧನ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆಗ ಶುರುವಾದದ್ದು ಇನ್ನೊಂದು ಬಗೆಯ ಬದಲಿ. ಮೈಸೂರಿನವರು ಇಲ್ಲಿಗೆ, ಇಲ್ಲಿಯವರು ಬೆಂಗಳೂರಿಗೆ. ಭಾಷೆ ಒಂದೇ, ಆದರೆ ಕಚೇರಿಯ ಮಾತು ಬೇರೆ. ಅಲ್ಲಿ ಅಮಲ್ದಾರ, ಇಲ್ಲಿ ಮಾಮಲೇದಾರ. ಅಲ್ಲಿ ಗುಮಾಸ್ತ, ಇಲ್ಲಿ ಕಾರಕೂನ. ಅಲ್ಲಿ ಶಾನುಭೋಗ, ಇಲ್ಲಿ ಕುಲಕರ್ಣಿ. ಅಲ್ಲಿ ಪಹಣಿ, ಇಲ್ಲಿ ಉತಾರ. ಒಂದೇ ನುಡಿಯವರಿಗೂ ಒಗ್ಗಿಕೊಳ್ಳಲು ಕಾಲ ಬೇಕಾಯಿತು.

ಇದೇ ಹೊತ್ತಿಗೆ ಗಾಡಿಯ ದಿಕ್ಕೂ ಬದಲಾಗಿತ್ತು. ಮಳೆಯನ್ನೇ ನಂಬಿದ ಒಣಬೇಸಾಯ ಕೈಕೊಟ್ಟಾಗ ಉತ್ತರ ಕರ್ನಾಟಕದ ಹಳ್ಳಿಗಳ ಜನ ದುಡಿಮೆಗೆಂದು ಊರು ಬಿಡತೊಡಗಿದರು. 1961ರಲ್ಲಿ ಪೋರ್ತುಗೀಸರ ಆಳಿಕೆ ಮುಗಿದ ಮೇಲೆ ಗೋವೆಯಲ್ಲಿ ಬಂದರು, ಗಣಿ, ಕಟ್ಟಡ ಕೆಲಸಗಳು ಹೆಚ್ಚಿದವು. ಅಲ್ಲಿಗೆ ಹೋದವರಿಗೆ ಕಂಪನಿಯ ಕ್ವಾರ್ಟರ್ಸು ಇರಲಿಲ್ಲ. ಸಿಕ್ಕ ಜಾಗದಲ್ಲಿ ತಾವೇ ಸೂರು ಕಟ್ಟಿಕೊಂಡರು. 2004ರ ಜೂನ್ ತಿಂಗಳಲ್ಲಿ ವಾಸ್ಕೋದ ಬೈನಾ ಕಡಲದಂಡೆಯಲ್ಲಿ ಮನೆಗಳನ್ನು ಕೆಡವಿದಾಗ, ಮಳೆಗಾಲದಲ್ಲಿ ಬೀದಿಗೆ ಬಿದ್ದವರಲ್ಲಿ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿದ್ದರು.

ಈ ಎರಡು ಚಿತ್ರಗಳನ್ನು ಜೊತೆಗಿಟ್ಟು ನೋಡಬೇಕು. ಮೋಡಿ ಬರೆಯುವ ಕಾರಕೂನನಿಗೆ ಸಂಸ್ಥಾನದ ಬೆಂಬಲವಿತ್ತು. ಬಾಯ್ಲರು ಬಲ್ಲವನಿಗೆ ಕಂಪನಿಯ ಮನೆಯಿತ್ತು. ಕಲ್ಲು ಮಣ್ಣು ಹೊರುವವನಿಗೆ ಎರಡೂ ಇರಲಿಲ್ಲ. ಹೊಸ ಊರಿಗೆ ಒಗ್ಗಿಕೊಳ್ಳುವುದು ಬಂದವನ ಗುಣ ಮಾತ್ರ ಎಂದು ನಾವು ಹೇಳುವುದುಂಟು. ಮೊದಲ ಒಂದೆರಡು ವರ್ಷ ತಲೆಯ ಮೇಲೆ ಸೂರು ಕೊಟ್ಟವರಾರು, ಉದ್ರಿ ಕೊಟ್ಟವರಾರು, ಮಕ್ಕಳಿಗೆ ಶಾಲೆ ಯಾವ ಭಾಷೆಯಲ್ಲಿತ್ತು ಎಂಬುದನ್ನೂ ಕೇಳಬೇಕು.

1990ರ ದಶಕದಲ್ಲಿ ಹುಬ್ಬಳ್ಳಿ–ಬೆಂಗಳೂರು ಮಾರ್ಗ ಬ್ರಾಡ್‌ಗೇಜ್ ಆಯಿತು. 2003ರಲ್ಲಿ ಹುಬ್ಬಳ್ಳಿ ನೈರುತ್ಯ ರೈಲ್ವೆಯ ಮುಖ್ಯ ಕೇಂದ್ರವಾಯಿತು. ಬೇರೆ ರಾಜ್ಯಗಳಿಂದ ನೌಕರರು ಈಗಲೂ ಬರುತ್ತಾರೆ; ಈ ಸೀಮೆಯ ಹುಡುಗರು ಈಗಲೂ ಹೊರಗೆ ಹೋಗುತ್ತಾರೆ. ಗುಡಗೇರಿಗೆ ಬಂದವನು 'ಯಾವೂರವರ್ರೀ?' ಎಂಬ ಪ್ರಶ್ನೆಗೆ ಮೊದಲ ದಿನವೇ ಉತ್ತರಿಸಬೇಕಾಗುತ್ತದೆ. ಗುಡಗೇರಿಯಿಂದ ಹೋದವನಿಗೂ ಅದೇ ಪ್ರಶ್ನೆ ಕಾದಿರುತ್ತದೆ. ಅದನ್ನು ಕೇಳುವವರ ದನಿ ಹೇಗಿರುತ್ತದೆ ಎಂಬುದರ ಮೇಲೆಯೇ ಎರಡೂ ಕಡೆಯ ಬದುಕು ನಿಂತಿದೆ.