ವಲಸೆ ಬಂದವರ ಕಾರ್ನಿವಲ್

ಪರದೇಶದಲ್ಲಿ ನೆಲೆಸಿದವರು ಅಲ್ಲಿನ ಹಬ್ಬವನ್ನು ಹೇಗೆ ಕಾಣಬೇಕು ಎಂಬ ಪ್ರಶ್ನೆಗೆ ಒಂದು ಸಿದ್ಧ ಉತ್ತರವಿದೆ: ಹಬ್ಬ ಊರಿನವರದು, ಬಂದವರು ಅತಿಥಿಗಳು, ಬದಿಗೆ ನಿಂತು ನೋಡುವುದೇ ಮರ್ಯಾದೆ. ಬ್ರೆಜಿಲ್‌ನ ಮಟ್ಟಿಗೆ, ಅದರಲ್ಲೂ ರಿಯೋ ಡಿ ಜನೈರೋದ ಕಾರ್ನಿವಲ್‌ನ ಮಟ್ಟಿಗೆ, ಈ ಉತ್ತರ ಇತಿಹಾಸದ ಮುಂದೆ ನಿಲ್ಲುವುದಿಲ್ಲ. ಇಡೀ ದೇಶದ ಗುರುತೆಂದು ಜಗತ್ತು ಒಪ್ಪಿಕೊಂಡಿರುವ ಆ ಹಬ್ಬದ ಅಂಗಾಂಗಗಳನ್ನು ಬಿಡಿಸಿ ನೋಡಿದರೆ, ಒಂದೊಂದನ್ನೂ ತಂದವರು, ತಿದ್ದಿದವರು, ಬೇರೆ ತಿಂಗಳಿಂದ ಎತ್ತಿ ಇಲ್ಲಿ ಕೂರಿಸಿದವರು ಬಹುಮಟ್ಟಿಗೆ ಬೇರೆ ಊರಿನಿಂದ ಬಂದವರೇ. ನನ್ನ ವಾದ ಇಷ್ಟು: ರಿಯೋದ ಹಬ್ಬಕ್ಕೆ ಒಳಗಿನವರು ಯಾರು ಎಂಬುದನ್ನು ಹುಟ್ಟು ತೀರ್ಮಾನಿಸಲಿಲ್ಲ. ಅದರಲ್ಲಿ ಒಂದು ಕೆಲಸ ಹೊತ್ತವರು ಒಳಗಿನವರಾದರು. ಹೊರದವರು, ತಲೆಮಾರುಗಳಿಂದ ಅಲ್ಲೇ ಬಾಳಿದ್ದರೂ, ನೋಟಕರಾಗಿ ಉಳಿದರು.

ಆರಂಭ ನೀರಾಟದಿಂದ. ಪೋರ್ಚುಗೀಸರು ತಮ್ಮ ದೇಶದಿಂದ ತಂದ ಎಂತ್ರೂಡೊ ಎಂಬ ಆಟ, ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಉಪವಾಸ ಶುರುವಾಗುವ ಮೊದಲು, ಮೂರು ದಿನ ಬೀದಿಯನ್ನು ಆಳುತ್ತಿತ್ತು. (ಅದೇ ಆಟ ಅದೇ ಹಡಗುಗಳಲ್ಲಿ ಗೋವೆಗೂ ಬಂತು, ಅಲ್ಲಿನ ಇಂತ್ರೂಜ್ ಅದರ ದಾಯಾದಿ.) ನಮ್ಮ ಓಕುಳಿಯನ್ನು ಬಲ್ಲವರಿಗೆ ಇದರ ಹದ ಬೇಗ ಸಿಕ್ಕೀತು, ಸಾಮಗ್ರಿ ಮಾತ್ರ ಬೇರೆ. ಕಾಯಿ ಕಿತ್ತಳೆಯನ್ನೋ ನಿಂಬೆಯನ್ನೋ ಕಡ್ಡಿಗೆ ಚುಚ್ಚಿ ಕಾಯಿಸಿದ ಮೇಣದಲ್ಲಿ ಅದ್ದುವುದು, ತಣಿದ ಮೇಲೆ ತೆಳ್ಳಗಿನ ಕವಚವನ್ನು ಸೀಳಿ ಹಣ್ಣನ್ನು ಹೊರತೆಗೆಯುವುದು, ಎರಡು ಹೋಳುಗಳನ್ನು ಮತ್ತೆ ಬೆಸೆದು ಒಳಗೆ ಸುಗಂಧದ ನೀರು ತುಂಬಿ ಬಾಯಿ ಮುಚ್ಚುವುದು. ಎಸೆದರೆ ಎದುರಿನವರ ಎದೆಯ ಮೇಲೆ ಒಡೆಯಬೇಕು, ಕೈಯಲ್ಲಿ ಹಿಡಿದಾಗ ಒಡೆಯಬಾರದು. ಮನೆಯ ಹೆಂಗಸರು ವಾರಗಟ್ಟಲೆ ಮೊದಲೇ ಇವನ್ನು ಮಾಡಿಡುತ್ತಿದ್ದರು. ಬೀದಿಯಲ್ಲಿ ತಟ್ಟೆ ಹೊತ್ತು ಮಾರುತ್ತಿದ್ದವರು ಕಪ್ಪು ಹೆಂಗಸರು. ಈ ಆಟ ಪರದೇಶಿ ಎಂದು ಯಾರನ್ನೂ ಬಿಡುತ್ತಿರಲಿಲ್ಲ. 1832ರ ಮಾರ್ಚ್ 4ರಂದು ಬ್ರೆಜಿಲ್‌ನ ಸಾಲ್ವದೋರ್ ನಗರದಲ್ಲಿ ಬೀಗಲ್ ಹಡಗಿನ ಇಬ್ಬರು ಅಧಿಕಾರಿಗಳೊಂದಿಗೆ ಬೀದಿಗಿಳಿದ 23 ವರ್ಷದ ಚಾರ್ಲ್ಸ್ ಡಾರ್ವಿನ್, ಮೇಣದ ಉಂಡೆಗಳಿಂದಲೂ ತಗಡಿನ ಪಿಚಕಾರಿಗಳಿಂದಲೂ ತೊಯ್ದು ತೊಪ್ಪೆಯಾದದ್ದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅಂಥ ಬೀದಿಯಲ್ಲಿ ಗಾಂಭೀರ್ಯ ಉಳಿಸಿಕೊಂಡು ನಡೆಯುವುದೇ ಅವನಿಗೆ ಕಷ್ಟವಾಯಿತಂತೆ. 1816ರಲ್ಲಿ ಫ್ರೆಂಚ್ ಕಲಾವಿದರ ತಂಡದೊಂದಿಗೆ ರಿಯೋಗೆ ಬಂದ ಚಿತ್ರಕಾರ ಜ್ಯಾನ್ ಬಾಪ್ಟಿಸ್ಟ್ ಡೆಬ್ರೆ ಅಲ್ಲಿ ಹದಿನೈದು ವರ್ಷ ಇದ್ದು ಈ ಬೀದಿಯಾಟವನ್ನು ಚಿತ್ರಿಸಿದ. ಅದೇ ತಂಡದ ವಾಸ್ತುಶಿಲ್ಪಿ ಗ್ರಾಂಜ್ಯಾನ್ ಡಿ ಮೊಂಟಿಞಿ 1850ರಲ್ಲಿ ತೀರಿಕೊಂಡದ್ದು ಎಂತ್ರೂಡೊದಲ್ಲಿ ನೆನೆದು ಬಂದ ಎದೆಶೀತದಿಂದ ಎಂಬ ಮಾತೂ ಇದೆ. ಪರಕೀಯನನ್ನು ಹಬ್ಬ ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಖಾರವಾದ ಸಾಕ್ಷಿ ಬೇಡ.

ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಸರ್ಕಾರ ಎಂತ್ರೂಡೊವನ್ನು ಅನಾಗರಿಕವೆಂದು ಮತ್ತೆ ಮತ್ತೆ ನಿಷೇಧಿಸಿತು. ಸ್ಥಿತಿವಂತರು ಅದರ ಜಾಗಕ್ಕೆ ಪ್ಯಾರಿಸ್, ವೆನಿಸ್‌ಗಳ ಮಾದರಿಯ ಮುಖವಾಡದ ನೃತ್ಯಕೂಟಗಳನ್ನು ತಂದರು. ಇವುಗಳಲ್ಲಿ ಮೊದಲಿನದು 1840ರಲ್ಲಿ ಒಂದು ಇಟಾಲಿಯನ್ ಹೋಟೆಲಿನಲ್ಲಿ ನಡೆಯಿತು. 1855ರಲ್ಲಿ ಕಾದಂಬರಿಕಾರ ಜೋಸೆ ಡಿ ಅಲೆಂಕಾರ್ ಸೇರಿದ್ದ ಒಂದು ಸಂಘ ಅಲಂಕೃತ ಗಾಡಿಗಳ ಮೆರವಣಿಗೆ ಹೊರಡಿಸಿತು. ಬೀದಿಯ ಮೇಲಿನ ಬಾಲ್ಕನಿಗಳಲ್ಲಿ ಊರಿನ ಹಳೆಯ ಕುಟುಂಬಗಳು ಕೂತು ನೋಡಿದವು. ಇಲ್ಲೊಂದು ವಿಚಿತ್ರ ಅದಲುಬದಲು ನಡೆದಿದೆ: ನೆಲದ ಒಡೆಯರು ತಮ್ಮದೇ ಊರಿನ ಹಬ್ಬಕ್ಕೆ ಪ್ರೇಕ್ಷಕರಾದರು. ಅದೇ ಸುಮಾರಿಗೆ ಜೋಸೆ ಪರೇಡೆಸ್ ಎಂಬ ಪೋರ್ಚುಗೀಸ್ ಚಮ್ಮಾರ, ತನ್ನ ನಾಡಿನಲ್ಲಿ ಮಾಡುವಂತೆ, ದೊಡ್ಡ ಡೋಲು ಬಾರಿಸುತ್ತ ಬೀದಿ ತಿರುಗಿದನೆಂದೂ, ಹಿಂದೆ ಜನ ಗುಂಪುಗೂಡಿ ಅದೇ ಒಂದು ಪದ್ಧತಿಯಾಯಿತೆಂದೂ ಹೇಳುತ್ತಾರೆ. ಕುಳಿತವರಿಗೆ ಹಬ್ಬ ಒಂದು ದೃಶ್ಯವಾಗಿದ್ದಾಗ ಅದನ್ನು ನಡೆಸುತ್ತಿದ್ದವರು ಬೀದಿಯಲ್ಲಿದ್ದರು.

ವಾದದ ತಿರುಳು ಇರುವುದು ಮುಂದಿನ ಮೂರು ನಾಲ್ಕು ದಶಕಗಳಲ್ಲಿ. ಸಕ್ಕರೆಯ ನಾಡಾದ ಈಶಾನ್ಯ ಬ್ರೆಜಿಲ್ ಸೊರಗಿ, ಕಾಫಿಯ ದಕ್ಷಿಣ ಬೆಳೆದಂತೆ, ಬಾಹಿಯಾ ಪ್ರಾಂತದ ಕಪ್ಪು ಕುಟುಂಬಗಳು ರಿಯೋ ಬಂದರಿನ ಸುತ್ತ ಬಂದಿಳಿದವು. 1888ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ಈ ಹರಿವು ಹೆಚ್ಚಿತು. ದೇಶ ಒಂದೇ ಆದರೂ ದೂರ ಸಾವಿರಕ್ಕೂ ಹೆಚ್ಚು ಕಿಲೋಮೀಟರಿನದು. ಅಡುಗೆ, ದೈವ, ಮಾತಿನ ರಾಗ ಎಲ್ಲ ಬೇರೆ. ಹೀಗೆ ಬಂದವರಲ್ಲಿ ಒಬ್ಬ ಇಲಾರಿಯೋ ಜೊವಿನೊ ಫೆರೇರಾ. ಹುಟ್ಟು ಪೆರ್ನಾಂಬುಕೊ, ಬೆಳೆದದ್ದು ಬಾಹಿಯಾ, 1872ರಲ್ಲಿ ರಿಯೋಗೆ ಬಂದ. ಅವನ ಊರ ಕಡೆ ರಾಂಶೊ ಎಂಬ ಹಾಡುಮೇಳ ಹೊರಡುತ್ತಿದ್ದುದು ಜನವರಿ 6ರಂದು, ಮಗು ಯೇಸುವನ್ನು ನೋಡಲು ಮೂವರು ರಾಜರು ಬಂದ ದಿನ. ರಿಯೋದಲ್ಲಿ ಆ ದಿನಕ್ಕೆ ಅಂಥ ಕಳೆ ಇರಲಿಲ್ಲ. 1890ರ ದಶಕದ ಮೊದಲಲ್ಲಿ ‘ರೇ ಡಿ ಓರೋಸ್’ ಎಂಬ ತನ್ನ ಮೇಳ ಕಟ್ಟಿದ ಇಲಾರಿಯೋ ಅದರ ಮೆರವಣಿಗೆಯನ್ನು ಜನವರಿಯಿಂದ ಎತ್ತಿ ಕಾರ್ನಿವಲ್‌ಗೆ ಹಾಕಿದ. ಪರಸ್ಥಳದಲ್ಲಿ ಇರುವವರೆಲ್ಲ ಮಾಡುವ ಲೆಕ್ಕಾಚಾರವೇ ಇದು: ನಮ್ಮ ಹಬ್ಬಕ್ಕೆ ಇಲ್ಲಿ ರಜೆ ಇಲ್ಲ, ರಜೆ ಇರುವ ದಿನಕ್ಕೆ ನಮ್ಮ ಹಬ್ಬ ಮಾಡೋಣ. ಆದರೆ ಈ ಸಣ್ಣ ಹೊಂದಾಣಿಕೆಯ ಫಲ ಎಷ್ಟು ದೊಡ್ಡದೆಂದರೆ, ಇಂದಿನ ಸಾಂಬಾ ಶಾಲೆಗಳ (ಕಾರ್ನಿವಲ್ ಮೆರವಣಿಗೆಯಲ್ಲಿ ಸ್ಪರ್ಧಿಸುವ ಹಾಡು-ಕುಣಿತದ ತಂಡಗಳ) ಮುಂದೆ ಧ್ವಜ ಹಿಡಿದು ತಿರುಗುವ ಹೆಣ್ಣು, ಅವಳ ಸುತ್ತ ಬೀಸಣಿಗೆ ಹಿಡಿದು ಕುಣಿಯುವ ಗಂಡು, ಮೆರವಣಿಗೆಗೆ ಕಥೆಯೊಂದಿರಬೇಕೆಂಬ ನಿಯಮ, ಇವೆಲ್ಲ ಆ ರಾಂಶೊಗಳಿಂದ ಇಳಿದು ಬಂದವು. ಧರ್ಮದ ಪಂಚಾಂಗದಲ್ಲಿ ಕಾರ್ನಿವಲ್‌ಗೂ ಮೂವರು ರಾಜರಿಗೂ ಸಂಬಂಧವಿಲ್ಲ. ಸಂಬಂಧ ಹಚ್ಚಿದ್ದು ವಲಸಿಗನೊಬ್ಬನ ವ್ಯವಹಾರಬುದ್ಧಿ.

ಈ ಮೇಳಗಳಿಗೆ ಬೆನ್ನೆಲುಬು ‘ತಿಯಾ’ ಎಂದು ಕರೆಸಿಕೊಳ್ಳುತ್ತಿದ್ದ ಬಾಹಿಯಾದ ಹಿರಿಯ ಹೆಂಗಸರು. ಇವರಲ್ಲಿ ಹೆಸರಾದವಳು ತಿಯಾ ಸಿಯಾಟಾ, ಪೂರ್ತಿ ಹೆಸರು ಇಲಾರಿಯಾ ಬತಿಸ್ತಾ ಡಿ ಅಲ್ಮೇಡಾ. 1854ರಲ್ಲಿ ಸಾಂತೊ ಅಮಾರೊದಲ್ಲಿ ಹುಟ್ಟಿ ಇಪ್ಪತ್ತರ ಹರೆಯದಲ್ಲಿ ರಿಯೋಗೆ ಬಂದವಳು. ಬಿಳಿ ಲಂಗ, ತಲೆಗೆ ಸುತ್ತಿದ ಬಟ್ಟೆ, ಕೊರಳಿಗೆ ಮಣಿಸರ ತೊಟ್ಟು ಬೀದಿಯಲ್ಲಿ ಸಿಹಿತಿಂಡಿ ಮಾರುತ್ತಿದ್ದಳು; ಅದೇ ಉಡುಪನ್ನು ಹೊಲಿಸಿ ಕಾರ್ನಿವಲ್ ಕಾಲದಲ್ಲಿ ಬಾಡಿಗೆಗೂ ಕೊಡುತ್ತಿದ್ದಳು. ಪ್ರಾಸಾ ಓಂಜೆ ಎಂಬ ಚೌಕದ ಬಳಿಯ ಅವಳ ಮನೆಯ ಮುಂದಿನ ಕೋಣೆಯಲ್ಲಿ ಪೊಲೀಸರ ಕಣ್ಣಿಗೂ ಒಪ್ಪುವ ನೃತ್ಯ, ಹಿಂದಿನ ಕೋಣೆಯಲ್ಲಿ ಸಾಂಬಾ, ಹಿತ್ತಲಲ್ಲಿ ಆಫ್ರಿಕದ ದೈವಗಳ ಪೂಜೆ ನಡೆಯುತ್ತಿದ್ದವೆಂದು ಪ್ರಸಿದ್ಧಿ. 1916ರಲ್ಲಿ ಡೋಂಗಾ ಎಂಬ ಸಂಗೀತಗಾರ ತನ್ನ ಹೆಸರಿಗೆ ನೋಂದಾಯಿಸಿಕೊಂಡ, ಮೊದಲ ಸಾಂಬಾ ಧ್ವನಿಮುದ್ರಿಕೆಗಳಲ್ಲಿ ಒಂದೆಂದು ಎಣಿಸುವ ‘ಪೆಲೊ ತೆಲೆಫೋನೆ’ ಹುಟ್ಟಿದ್ದು ಈ ಮನೆಯ ಕೂಟಗಳಲ್ಲಿ. ಅದು ಒಬ್ಬನದಲ್ಲ, ಹಲವರದು ಎಂಬ ತಕರಾರು ಅಂದೇ ಎದ್ದಿತ್ತು. ಸಾಂಬಾ ಶಾಲೆಗಳ ಸ್ಪರ್ಧೆಗೆ ನಿಯಮ ಬರೆದಾಗ ಪ್ರತಿ ಶಾಲೆಯಲ್ಲೂ ಬಾಹಿಯಾದ ಹೆಂಗಸರ ವೇಷದ ಒಂದು ಸಾಲು ಇರಲೇಬೇಕೆಂದಾಯಿತು. ಇಂದಿಗೂ ಗಂಟೆಯಾಕಾರದ ಲಂಗ ತೊಟ್ಟು ಗಿರಗಿರ ತಿರುಗುವ ಅಜ್ಜಿಯರಿಲ್ಲದೆ ಯಾವ ಶಾಲೆಯೂ ಕಣಕ್ಕಿಳಿಯುವುದಿಲ್ಲ. ವಲಸೆ ಬಂದ ಹೆಂಗಸರ ಬೀದಿಬದಿಯ ದುಡಿಮೆಯ ಉಡುಪನ್ನು ನಗರವೊಂದು ತನ್ನ ಹಬ್ಬದ ಕಡ್ಡಾಯ ಅಂಗವಾಗಿ ಒಪ್ಪಿಕೊಂಡ ಇಂಥ ಇನ್ನೊಂದು ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರಬೇಕು, ಬರದಿದ್ದರೆ ಓದುಗರು ಮೈಮರೆತಿದ್ದಾರೆ ಎಂದರ್ಥ. ಬ್ರೆಜಿಲ್‌ಗೆ ಹಡಗಿನಲ್ಲಿ ತಂದ ಆಫ್ರಿಕನ್ನರ ಸಂಖ್ಯೆ ಇತಿಹಾಸಕಾರರ ಅಂದಾಜಿನಂತೆ ಸುಮಾರು 48 ಲಕ್ಷ. ರಿಯೋದ ವಲೊಂಗೊ ಕಟ್ಟೆಯೊಂದರಲ್ಲೇ ಲಕ್ಷಾಂತರ ಜನರನ್ನು ಇಳಿಸಿದರು. 2017ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ಸಂಕೋಲೆಯಲ್ಲಿ ಬಂದವರನ್ನೂ, ಚಿತ್ರ ಬರೆಯಲು ಬಂದ ಡೆಬ್ರೆಯನ್ನೂ, ಸಂಬಳಕ್ಕೆ ಬಂದ ಇಂದಿನ ಎಂಜಿನಿಯರನ್ನೂ ಒಂದೇ ‘ವಲಸಿಗ’ ಎಂಬ ಚೀಲಕ್ಕೆ ತುಂಬುವುದು ಅನ್ಯಾಯವಲ್ಲವೇ? ಅನ್ಯಾಯವೇ. ಎಂತ್ರೂಡೊದಲ್ಲೇ ಅದು ಕಾಣುತ್ತದೆ: ಬಿಳಿಯ ಒಡೆಯ ಕರಿಯನ ಮೇಲೆ ನೀರೆಸೆಯಬಹುದು, ಕರಿಯ ತಿರುಗಿಸಿ ಎಸೆಯುವಂತಿರಲಿಲ್ಲ. ಹಬ್ಬದಲ್ಲಿ ಕೆಲಸ ಹೊತ್ತವರು ಒಳಗಿನವರಾದರು ಎಂದು ನಾನು ಹೇಳುವಾಗ, ಅವರು ಊರಿನ ಒಳಗೂ ಸೇರಿದರು ಎಂದು ಹೇಳುತ್ತಿಲ್ಲ. 1903ರಿಂದ 1906ರವರೆಗೆ ಮೇಯರ್ ಪೆರೇರಾ ಪಾಸೋಸ್ ಅಗಲ ರಸ್ತೆಗಳಿಗಾಗಿ ವಠಾರಗಳನ್ನು ಕೆಡವಿದಾಗ ಇದೇ ಜನ ಬೆಟ್ಟಗಳಿಗೂ ಹೊಸ ಬಡಾವಣೆಯ ಅಂಚಿಗೂ ದೂಡಲ್ಪಟ್ಟರು. ಹೀಗೆ ತೆರೆದ ಅಗಲ ರಸ್ತೆಯಲ್ಲಿ ಶ್ರೀಮಂತರ ಮೋಟಾರು ಕಾರುಗಳು ಕಾರ್ನಿವಲ್ ಮೆರವಣಿಗೆ ಹೊರಟವು, ಬಡವರ ಕಾರ್ನಿವಲ್ ಪ್ರಾಸಾ ಓಂಜೆಯಲ್ಲಿ ನಡೆಯಿತು. ಆದರೆ ಈ ಆಕ್ಷೇಪ ವಾದವನ್ನು ಕೆಡಿಸುವುದಿಲ್ಲ, ಅದರ ಭಾರ ಎಲ್ಲಿ ಬೀಳಬೇಕೆಂದು ತೋರಿಸುತ್ತದೆ. ಬರುವುದರಲ್ಲಿ ಆಯ್ಕೆಯೇ ಇಲ್ಲದವರೂ ಅವರ ಮಕ್ಕಳೂ ಹಬ್ಬವನ್ನು ಅತಿ ಹೆಚ್ಚು ಕಟ್ಟಿದರು; ಉಳಿದ ಯಾವ ಸಾರ್ವಜನಿಕ ಕೆಲಸದಲ್ಲೂ ಅವರಿಗೆ ಕೈಹಾಕಲು ಬಿಡದಿದ್ದುದು ಅದಕ್ಕೊಂದು ಕಾರಣವಾಗಿರಬೇಕು.

ಎರಡನೆಯ ಆಕ್ಷೇಪ ಇತಿಹಾಸಕಾರರದು: ಕಾರ್ನಿವಲ್ಲನ್ನು ರಾಷ್ಟ್ರೀಯವಾಗಿಸಿದ್ದು ವಲಸಿಗರಲ್ಲ, ಪತ್ರಿಕೆ ಮತ್ತು ಪ್ರಭುತ್ವ. ಇದರಲ್ಲಿ ಸತ್ಯವಿದೆ. ಸಾಂಬಾ ಶಾಲೆಗಳ ಮೊದಲ ಸ್ಪರ್ಧೆಯನ್ನು 1932ರಲ್ಲಿ ಪ್ರಾಸಾ ಓಂಜೆಯಲ್ಲಿ ಏರ್ಪಡಿಸಿದ್ದು ಒಂದು ಕ್ರೀಡಾ ಪತ್ರಿಕೆ, ಗೆದ್ದದ್ದು ಮಂಗೇರಾ ಎಂಬ ಶಾಲೆ. 1935ರಲ್ಲಿ ನಗರಾಡಳಿತ ಅದಕ್ಕೆ ಅಧಿಕೃತ ಮುದ್ರೆ ಒತ್ತಿತು, ಅನುದಾನ ಕೊಟ್ಟಿತು. ಆಗ ದೇಶವಾಳುತ್ತಿದ್ದ ಗೆಟೂಲಿಯೊ ವರ್ಗಾಸ್‌ನ ಆಳ್ವಿಕೆಗೆ ಒಗ್ಗಟ್ಟಿನ ಬ್ರೆಜಿಲ್‌ನ ಚಿತ್ರ ಬೇಕಿತ್ತು. ಆದರೆ ಮುದ್ರೆ ಬಿದ್ದದ್ದು ಆಗಲೇ ತಯಾರಾಗಿದ್ದ ವಸ್ತುವಿನ ಮೇಲೆ. 1928ರಲ್ಲಿ ಎಸ್ಟಾಸಿಯೊ ಬಡಾವಣೆಯಲ್ಲಿ ಇಸ್ಮಾಯೆಲ್ ಸಿಲ್ವಾ ಮತ್ತು ಗೆಳೆಯರು ‘ಡೇಶಾ ಫಲಾರ್’ ಎಂಬ ಸಾಂಬಾ ತಂಡ ಕಟ್ಟಿದಾಗ ಅವರಿಗಿದ್ದ ಸಮಸ್ಯೆ ತೀರ ಪ್ರಾಯೋಗಿಕವಾದದ್ದು. ಕೋಣೆಯಲ್ಲಿ ಕೂತು ಹಾಡುವ ಸಾಂಬಾಕ್ಕೆ ನಡೆಯಲು ಬರುವುದಿಲ್ಲ, ಹಿಂದಿನ ಸಾಲಿಗೆ ತಾಳ ಕೇಳಿಸುವುದಿಲ್ಲ. ಅವರಲ್ಲೊಬ್ಬ, ಬೀಡೆ, ದೊಡ್ಡ ಬೆಣ್ಣೆ ಡಬ್ಬಿಯ ಬಾಯಿಗೆ ಹೊದಿಕೆ ಬಿಗಿದು ಸೂರ್ದೊ ಎಂಬ ಮಂದ್ರದ ಡೋಲು ಮಾಡಿದ. ಇಂದು ನೂರಾರು ವಾದ್ಯಗಾರರ ಪಡೆಯನ್ನು ನೆಲಕ್ಕೆ ಕಟ್ಟಿಹಾಕುವ ಆ ದಪ್ಪ ಬಡಿತ ಯಾವ ಮಂತ್ರಾಲಯದ ಆದೇಶದಿಂದಲೂ ಹುಟ್ಟಿದ್ದಲ್ಲ.

1942ರ ಕಾರ್ನಿವಲ್‌ನಲ್ಲಿ ಇಬ್ಬರು ಪ್ರಸಿದ್ಧ ಪರದೇಶಿಗಳಿದ್ದರು. ನಾಜಿಗಳಿಂದ ಪಾರಾಗಿ ಬಂದು, ಹಿಂದಿನ ವರ್ಷವಷ್ಟೇ ಬ್ರೆಜಿಲನ್ನು ಭವಿಷ್ಯದ ನಾಡೆಂದು ಹೊಗಳಿ ಪುಸ್ತಕ ಬರೆದಿದ್ದ ಆಸ್ಟ್ರಿಯಾದ ಸ್ಟೆಫಾನ್ ಜ್ವೈಗ್ ತಾನು ನೆಲೆಸಿದ್ದ ಪೆಟ್ರೊಪೊಲಿಸ್ ಪಟ್ಟಣದಿಂದ ಹಬ್ಬ ನೋಡಲು ಬಂದ. ಯುದ್ಧದಲ್ಲಿ ಸಿಂಗಪುರ ಜಪಾನಿನ ಕೈಗೆ ಬಿದ್ದ ಸುದ್ದಿ ಓದಿ ಅರ್ಧಕ್ಕೇ ಮರಳಿದ. ಅದಾದ ಕೆಲವೇ ದಿನಗಳಲ್ಲಿ ಹೆಂಡತಿಯೊಡನೆ ಜೀವ ಕೊನೆಗೊಳಿಸಿಕೊಂಡ. ಆ ಸಾವಿನ ಕಾರಣ ಯುರೋಪಿನಲ್ಲಿತ್ತು, ಅದನ್ನು ನನ್ನ ವಾದದ ಕಂಬಕ್ಕೆ ಕಟ್ಟುವುದು ಸಲ್ಲದು. ಇನ್ನೊಬ್ಬ, ಹಾಲಿವುಡ್‌ನ ಆರ್ಸನ್ ವೆಲ್ಸ್, ಹಬ್ಬವನ್ನು ಬಣ್ಣದ ಚಿತ್ರವಾಗಿ ಹಿಡಿಯಲು ಬಂದಿದ್ದ. ಆಗ ಪ್ರಾಸಾ ಓಂಜೆಯನ್ನು ಹೊಸ ಹೆದ್ದಾರಿಗಾಗಿ ಕೆಡವಲಾಗುತ್ತಿತ್ತು. ಚೌಕಕ್ಕೆ ವಿದಾಯ ಹೇಳುವ ಸಾಂಬಾ ಆ ವರ್ಷ ಎಲ್ಲರ ಬಾಯಲ್ಲಿತ್ತು. ವೆಲ್ಸ್ ಆ ಹಾಡನ್ನು ರಚಿಸಿದವರಲ್ಲಿ ಒಬ್ಬನಾದ ನಟ ಗ್ರಾಂಡೆ ಓಟೆಲೊನನ್ನು ಜತೆಗಿಟ್ಟುಕೊಂಡು, ಚೌಕವನ್ನೇ ಸ್ಟುಡಿಯೋದಲ್ಲಿ ಮರುನಿರ್ಮಿಸಿ, ಕ್ಯಾಮೆರಾವನ್ನು ಬೆಟ್ಟದ ಕೇರಿಗಳ ಕಡೆ ತಿರುಗಿಸಿದ. ಕಪ್ಪು ಜನರೇ ತುಂಬಿದ ದೃಶ್ಯಗಳು ಪ್ರವಾಸೋದ್ಯಮಕ್ಕೆ ಹೊಂದಲಿಲ್ಲ, ನಿರ್ಮಾಣ ಸಂಸ್ಥೆ ಕೈಬಿಟ್ಟಿತು, ಚಿತ್ರ ಮುಗಿಯಲಿಲ್ಲ. ಹೊಸದಾಗಿ ಬಂದ ಅಮೆರಿಕನ್ನನಿಗೆ ಕೆಲವೇ ತಿಂಗಳಲ್ಲಿ ಕಂಡದ್ದು, ಹಬ್ಬದ ಬೇರು ಆ ಕೆಡವುತ್ತಿರುವ ಚೌಕದಲ್ಲಿದೆ ಎಂಬುದು, ನಗರದ ಗಣ್ಯರಿಗೆ ಕಾಣಬೇಕೆಂದೂ ಇರಲಿಲ್ಲ.

ಮೂರನೆಯ ಆಕ್ಷೇಪ ಇಂದಿನದು. 1984ರಲ್ಲಿ ಓಸ್ಕರ್ ನೀಮೈಯರ್ ವಿನ್ಯಾಸದ ಸಾಂಬಾಡ್ರೋಮ್ ಎದ್ದ ಮೇಲೆ ಮೆರವಣಿಗೆ ಟಿಕೆಟಿನ ಕಾಂಕ್ರೀಟು ಕಣದೊಳಗೆ ನಡೆಯುತ್ತದೆ. ವಿದೇಶಿಯರು ಹಣ ಕೊಟ್ಟು ವೇಷ ಕೊಂಡು ಶಾಲೆಯ ಜತೆ ನಡೆಯಬಹುದು. ಇದೂ ಒಂದು ‘ಕೆಲಸ’ವೇ ಎಂದು ಕೇಳುವವರಿದ್ದಾರೆ. ಹಣ ಕೊಟ್ಟು ಕೊಂಡ ವೇಷ ಯಾರನ್ನೂ ಒಳಗಿನವರಾಗಿಸದು. ಆದರೆ ಹೊರಗಿನವರ ಕೊಡುಗೆ ಪ್ರವಾಸಿಯ ವೇಷಕ್ಕೇ ಮುಗಿದಿಲ್ಲ. 1959ರಲ್ಲಿ ಸಲ್ಗೇರೊ ಶಾಲೆ ಆಯ್ದುಕೊಂಡ ಕಥಾವಸ್ತು ಡೆಬ್ರೆಯ ಚಿತ್ರಗಳು. ವಿನ್ಯಾಸಗೊಳಿಸಿದ ದಂಪತಿಗಳಲ್ಲಿ ಒಬ್ಬಳು ಸ್ವಿಟ್ಜರ್ಲೆಂಡಿನ ಮರೀ ಲೂಯಿಸ್ ನೇರಿ. ಶಾಲೆಗೆ ಎರಡನೇ ಸ್ಥಾನ ಬಂತು. ಆ ವರ್ಷದ ತೀರ್ಪುಗಾರರಲ್ಲಿದ್ದ ಫರ್ನಾಂಡೊ ಪಂಪ್ಲೋನಾ ಅದನ್ನು ಮೆಚ್ಚಿ, ಮರುವರ್ಷ ಅದೇ ಶಾಲೆಗೆ ಬಂದು, ಓಡಿಹೋದ ಗುಲಾಮರು ಕಟ್ಟಿದ ಪಲ್ಮಾರೆಸ್‌ನ ಕಥೆಯನ್ನು ಕಣಕ್ಕಿಳಿಸಿ ಸಲ್ಗೇರೊಗೆ ಮೊದಲ ಪ್ರಶಸ್ತಿ ತಂದ. ಇನ್ನು ವೇಷ ಕೊಂಡವರ ಮಾತು: ಸ್ಪರ್ಧೆಯ ಅಂಕಗಳಲ್ಲಿ ‘ಹಾರ್ಮೊನಿಯಾ’ ಎಂಬ ವಿಭಾಗವಿದ್ದು, ಇಡೀ ಶಾಲೆ ಆ ವರ್ಷದ ಹಾಡನ್ನು ಒಟ್ಟಾಗಿ ಹಾಡುತ್ತಿದೆಯೇ ಎಂಬುದನ್ನು ತೀರ್ಪುಗಾರರು ಗಮನಿಸುತ್ತಾರೆ. ಸಾಲುಗಳ ಪಕ್ಕದಲ್ಲೇ ಓಡಾಡುವ ಮೇಲ್ವಿಚಾರಕರು ಬಾಯಿ ಮುಚ್ಚಿಕೊಂಡವರನ್ನು ಕಂಡರೆ ಹಾಡು, ಹಾಡು ಎಂದು ಕೂಗುತ್ತ ಬೆನ್ನುಹತ್ತುತ್ತಾರೆ. ಹಾಗಾಗಿ ಪೋರ್ಚುಗೀಸ್ ಬಾರದ ಪ್ರವಾಸಿಗೂ ಶಾಲೆ ಹಾಡಿನ ಸಾಹಿತ್ಯ ಮೊದಲೇ ಕೊಟ್ಟು ಬಾಯಿಪಾಠ ಮಾಡಿಕೊಂಡು ಬಾ ಎನ್ನುತ್ತದೆ. ಅವನ ಪಾಸ್‌ಪೋರ್ಟ್ ಯಾವುದಾದರೂ ಸರಿ, ಅವನಿಂದ ಹೋಗುವ ಅಂಕ ಶಾಲೆಯದು.